ಡಿಸ್ಕಸ್ಡ್ ಅಬೌಟ್, ರೀಚ್ಡ್ ಟು, ಶೌಟೆಡ್ ಆನ್: ಇಂಗ್ಲಿಷ್ ಭೂತಕಾಲದ ಕ್ರಿಯಾಪದದ ನಂತರ ಯಾವ ಪ್ರಿಪೊಸಿಷನ್, ಏಕೆ?

ಪ್ರಶ್ನೆ: ಕರಡುಪ್ರತಿ

ಕನ್ನಡ ಮಾಧ್ಯಮದಲ್ಲಿ ಓದಿ ಈಗ ಇಂಗ್ಲಿಷಿನಲ್ಲಿ ವರದಿ, ಮೇಲ್ ಬರೆಯುವವರ ಬರಹ ತಿದ್ದುವಾಗ ಒಂದು ವಿಷಯ ಎದ್ದು ಕಾಣುತ್ತದೆ. ಭೂತಕಾಲದ ರೂಪ ತಪ್ಪುವುದು ಅಪರೂಪ. ಗೋ–ವೆಂಟ್–ಗಾನ್ ಎಲ್ಲರಿಗೂ ಬಾಯಿಪಾಠ. ಎಡವುವುದು ಅದರ ಬೆನ್ನಿಗೆ ಬರುವ ಪುಟ್ಟ ಪದದಲ್ಲಿ. ಪದೇ ಪದೇ ಸಿಗುವ ಮಾದರಿಗಳು ಇವು:

‘ವಿ ಡಿಸ್ಕಸ್ಡ್ ಅಬೌಟ್ ದ ಬಜೆಟ್.’
‘ದ ಟೀಮ್ ರೀಚ್ಡ್ ಟು ಹುಬ್ಬಳ್ಳಿ.’
‘ಹಿ ಆಸ್ಕ್ಡ್ ಮನಿ ಫ್ರಮ್ ಮಿ.’
‘ದ ಮ್ಯಾನೇಜರ್ ಶೌಟೆಡ್ ಆನ್ ಹರ್.’
‘ದ ಕಂಪ್ಲೇಂಟ್ ವಾಸ್ ಲುಕ್ಡ್ ಬೈ ದ ಕಮಿಟಿ.’
‘ಐ ವರ್ಕ್ಡ್ ದೇರ್ ಸಿನ್ಸ್ ತ್ರೀ ಇಯರ್ಸ್.’

ಇವು ತಪ್ಪು ಎನ್ನುವುದು ಗೊತ್ತು. ನೂರು ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಎನ್ನದೆ, ತಪ್ಪಿನ ಬೇರು ಎಲ್ಲಿದೆ ಎಂದು ತೋರಿಸಲು ದಾರಿ ಇದೆಯೇ? ಇನ್ನೊಂದು: ‘ಲುಕ್ಡ್ ಆ್ಯಟ್’, ‘ಟಾಕ್ಡ್ ಟು’ ಕೇಳುವಾಗ ಕೊನೆಯ ‘ಡ್’ ಕೇಳಿಸುವುದೇ ಇಲ್ಲ ಎನ್ನುತ್ತಾರೆ. ಅದಕ್ಕೂ ಯಾರಾದರೂ ಉತ್ತರಿಸಿದರೆ ಉಪಕಾರ.

ಉತ್ತರ: ತೃತೀಯಾ

ಮೊದಲು ಒಂದು ಮಾತು ಇತ್ಯರ್ಥ ಮಾಡಿಕೊಳ್ಳೋಣ. ಕಾಲ ಬದಲಾದರೆ ಪ್ರಿಪೊಸಿಷನ್ ಬದಲಾಗುವುದಿಲ್ಲ. ‘ವೆಯ್ಟ್ ಫಾರ್’ ಇದ್ದದ್ದು ‘ವೆಯ್ಟೆಡ್ ಫಾರ್’ ಆಗುತ್ತದೆ, ಅಷ್ಟೆ. ಆದರೂ ಭೂತಕಾಲದಲ್ಲೇ ತಪ್ಪು ಹೆಚ್ಚು ಕಾಣಲು ಕಾರಣವಿದೆ: ವರದಿ, ದೂರು, ಸಭೆಯ ನಡಾವಳಿ ಎಲ್ಲ ನಡೆದುಹೋದದ್ದರ ಬರಹಗಳೇ.

ಬೇರು ಇರುವುದು ನಮ್ಮ ವಿಭಕ್ತಿಯಲ್ಲಿ. ಕನ್ನಡದಲ್ಲಿ ಪ್ರತ್ಯಯ ನಾಮಪದಕ್ಕೆ ಅಂಟುತ್ತದೆ, ಇರುವುದೂ ಕೈಬೆರಳೆಣಿಕೆಯಷ್ಟು. ಒಂದೊಂದು ಪ್ರತ್ಯಯ ಹತ್ತು ಕೆಲಸ ಮಾಡುತ್ತದೆ. ‘ಇಂದ’ ಒಂದನ್ನೇ ನೋಡಿ:

ಹೊಸಪೇಟೆಯಿಂದ ಬಂದ – ‘ಕೇಮ್ ಫ್ರಮ್’
ಚಾಕುವಿನಿಂದ ಕತ್ತರಿಸಿದ – ‘ಕಟ್ ಇಟ್ ವಿತ್ ಎ ನೈಫ್’
ಹೊಯ್ಸಳರಿಂದ ಕಟ್ಟಲ್ಪಟ್ಟಿತು – ‘ವಾಸ್ ಬಿಲ್ಟ್ ಬೈ’
ಮರದಿಂದ ಮಾಡಿದ್ದು – ‘ಮೇಡ್ ಆವ್ ವುಡ್’
ಚಳಿಯಿಂದ ನಡುಗಿದ – ‘ಶಿವರ್ಡ್ ವಿತ್ ಕೋಲ್ಡ್’
ಕ್ಯಾನ್ಸರಿನಿಂದ ತೀರಿಕೊಂಡರು – ‘ಡೈಡ್ ಆವ್ ಕ್ಯಾನ್ಸರ್’
ಮೂರು ವರ್ಷದಿಂದ – ‘ಫಾರ್ ತ್ರೀ ಇಯರ್ಸ್’

(ಒಂದು ಎಫ್ ಇರುವುದನ್ನು ‘ಆವ್’ ಎಂದೂ ಎರಡು ಎಫ್ ಇರುವುದನ್ನು ‘ಆಫ್’ ಎಂದೂ ಬರೆಯುತ್ತಿದ್ದೇನೆ. ಇಂಗ್ಲಿಷಿನವರ ಉಚ್ಚಾರಣೆಯೂ ಹಾಗೆಯೇ. ನಮ್ಮಲ್ಲಿ ಎರಡನ್ನೂ ‘ಆಫ್’ ಎನ್ನುವ ರೂಢಿಯಿಂದ ಬರವಣಿಗೆಯಲ್ಲೂ ಗೊಂದಲವಾಗುತ್ತದೆ.)

ಹೀಗಾಗಿ ‘ಇಂದ’ ಎಂದರೆ ‘ಫ್ರಮ್’ ಎಂದು ಕಲಿತವರು ಏಳರಲ್ಲಿ ಒಂದು ಕಡೆ ಮಾತ್ರ ನಿಶ್ಚಿಂತೆಯಿಂದ ಬರೆಯಬಲ್ಲರು. ‘ಗೆ’, ‘ಅಲ್ಲಿ’ಗಳ ಕಥೆಯೂ ಅಷ್ಟೆ. ‘ಅಲ್ಲಿ’ಯೊಳಗೆ ಇನ್, ಆನ್, ಆ್ಯಟ್ ಮೂರೂ ಅಡಗಿವೆ. ಆದ್ದರಿಂದ ‘ಈ ಪ್ರತ್ಯಯಕ್ಕೆ ಈ ಪ್ರಿಪೊಸಿಷನ್’ ಎನ್ನುವ ಕೋಷ್ಟಕ ಕೊಡಲೇಬೇಡಿ. ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ಅನ್ನು ಬಹುಪಾಲು ನಿರ್ಧರಿಸುವುದು ಕ್ರಿಯಾಪದ. ಅದನ್ನು ಕ್ರಿಯಾಪದದ ಬಾಲವಾಗಿಯೇ ಕಲಿಸಬೇಕು.

ಇನ್ನು ‘ಡಿಸ್ಕಸ್ಡ್ ಅಬೌಟ್’. ‘ಬಗ್ಗೆ ಚರ್ಚಿಸಿದೆವು’ ಎನ್ನುವ ಕನ್ನಡ ವಾಕ್ಯ ಅರ್ಧ ಕಾರಣ. ಇನ್ನರ್ಧ ಇಂಗ್ಲಿಷಿನೊಳಗೇ ಇದೆ: ಅಲ್ಲಿ ನಾಮಪದಕ್ಕೆ ಪ್ರಿಪೊಸಿಷನ್ ಬೇಕು, ಅದೇ ಬೇರಿನ ಕ್ರಿಯಾಪದಕ್ಕೆ ಬೇಡ. ‘ಡಿಸ್ಕಷನ್ ಅಬೌಟ್’ ಸರಿ, ‘ಡಿಸ್ಕಸ್ಡ್ ದ ಬಜೆಟ್’ ಸರಿ. ‘ಎ ರಿಕ್ವೆಸ್ಟ್ ಫಾರ್ ಲೀವ್’ ಸರಿ, ‘ರಿಕ್ವೆಸ್ಟೆಡ್ ಲೀವ್’ ಸರಿ. ‘ಎಂಫಸಿಸ್ ಆನ್’, ಆದರೆ ‘ಎಂಫಸೈಸ್ಡ್ ದ ಪಾಯಿಂಟ್’. ‘ಲ್ಯಾಕ್ ಆವ್ ಫಂಡ್ಸ್’, ಆದರೆ ‘ಲ್ಯಾಕ್ಡ್ ಫಂಡ್ಸ್’. ‘ಇನ್ ಕಾಂಟ್ಯಾಕ್ಟ್ ವಿತ್’, ಆದರೆ ‘ಕಾಂಟ್ಯಾಕ್ಟೆಡ್ ದ ಆಫೀಸ್’. ಈ ಐದು ಜೋಡಿಯನ್ನು ಅಕ್ಕಪಕ್ಕ ಬರೆದು ತೋರಿಸಿದರೆ ಸಾಕು, ‘ರಿಕ್ವೆಸ್ಟೆಡ್ ಫಾರ್’ ಕೂಡ ಜೊತೆಗೇ ಉದುರುತ್ತದೆ.

‘ರೀಚ್ಡ್’, ‘ಎಂಟರ್ಡ್’, ‘ಅಪ್ರೋಚ್ಡ್’ ಮೂರೂ ‘ಗೆ’ ಅಥವಾ ‘ಒಳಗೆ’ಯನ್ನು ತಮ್ಮೊಳಗೇ ಇಟ್ಟುಕೊಂಡಿರುವ ಪದಗಳು. ‘ರೀಚ್ಡ್ ಹುಬ್ಬಳ್ಳಿ’, ‘ಎಂಟರ್ಡ್ ದ ರೂಮ್’. ‘ಎಂಟರ್ಡ್ ಇಂಟು’ ಬರುವುದು ಒಪ್ಪಂದ, ಮಾತುಕತೆಗಳ ವಿಷಯದಲ್ಲಿ ಮಾತ್ರ. ‘ಅರೈವ್ಡ್’ ಮಾತ್ರ ಹಾಗಲ್ಲ. ಅದಕ್ಕೆ ಊರು, ದೇಶವಾದರೆ ‘ಇನ್’, ನಿಲ್ದಾಣ, ಕಟ್ಟಡ, ಸಮಾರಂಭವಾದರೆ ‘ಆ್ಯಟ್’. ‘ಅರೈವ್ಡ್ ಟು’ ಎಂದಿಗೂ ಇಲ್ಲ. ‘ಹೋಮ್’ ಬಂದರೆ ಎಲ್ಲವೂ ಕಳಚುತ್ತವೆ: ‘ವೆಂಟ್ ಹೋಮ್’, ‘ಅರೈವ್ಡ್ ಹೋಮ್’. ಆದರೆ ‘ಮೈ’, ‘ಹಿಸ್’ ಸೇರಿದ ಕೂಡಲೇ ಪ್ರಿಪೊಸಿಷನ್ ವಾಪಸ್ಸಾಗುತ್ತದೆ: ‘ವೆಂಟ್ ಟು ಹಿಸ್ ಹೋಮ್’.

ಉತ್ತರ: ಗುರಿಮುಟ್ಟು

ಮೇಲಿನದಕ್ಕೆ ಸೇರಿಸುವೆ. ಪ್ರಿಪೊಸಿಷನ್ ಬಂದರೆ ಅರ್ಥವೇ ಬೇರೆಯಾಗುವ ಕ್ರಿಯಾಪದಗಳಿವೆ. ಅವುಗಳ ವಿಷಯದಲ್ಲಿ ತಪ್ಪಾದರೆ ವ್ಯಾಕರಣದ ಜೊತೆಗೆ ಸಂಗತಿಯೂ ಕೆಡುತ್ತದೆ.

‘ದ ಪೊಲೀಸ್ ಸರ್ಚ್ಡ್ ಹಿಮ್’ ಎಂದರೆ ಅವನ ಜೇಬು, ಚೀಲ ತಡಕಿದರು. ‘ಸರ್ಚ್ಡ್ ಫಾರ್ ಹಿಮ್’ ಎಂದರೆ ಅವನು ಎಲ್ಲಿದ್ದಾನೆ ಎಂದು ಹುಡುಕಿದರು. ‘ಶಾಟ್ ಹಿಮ್’ ಎಂದರೆ ಗುಂಡು ತಗುಲಿದೆ. ‘ಶಾಟ್ ಆ್ಯಟ್ ಹಿಮ್’ ಎಂದರೆ ಅವನತ್ತ ಹಾರಿಸಿದರು, ತಗುಲಿತೋ ಇಲ್ಲವೋ ವಾಕ್ಯ ಹೇಳುವುದಿಲ್ಲ. ಭೂತಕಾಲದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ನೇರ ಕರ್ಮ ಇದ್ದರೆ ಕೆಲಸ ಮುಟ್ಟಿದೆ, ‘ಆ್ಯಟ್’ ನಡುವೆ ಬಂದರೆ ಗುರಿಯಿಟ್ಟದ್ದು ಮಾತ್ರ ಖಚಿತ. ‘ಕಿಕ್ಡ್ ದ ಡೋರ್’ ಮತ್ತು ‘ಕಿಕ್ಡ್ ಆ್ಯಟ್ ದ ಡೋರ್’ ನಡುವೆಯೂ ಇದೇ ಅಂತರ.

‘ಶೌಟೆಡ್’ಗೆ ಇದನ್ನೇ ವಿಸ್ತರಿಸಿ. ‘ಅವಳ ಮೇಲೆ ಕೂಗಾಡಿದ’ ಎನ್ನುವ ನಮ್ಮ ‘ಮೇಲೆ’ಯೇ ‘ಆನ್’ ಆಗಿ ಇಳಿದಿದೆ. ಇಂಗ್ಲಿಷಿನಲ್ಲಿ ಗುರಿಯಿಟ್ಟು ಬೈದರೆ ‘ಶೌಟೆಡ್ ಆ್ಯಟ್ ಹರ್’, ದೂರ ಇರುವವಳಿಗೆ ಕೇಳಲಿ ಎಂದು ಕೂಗಿದರೆ ‘ಶೌಟೆಡ್ ಟು ಹರ್’. ‘ಥ್ರೂ ದ ಬಾಲ್ ಟು ಮಿ’ ಎಂದರೆ ಹಿಡಿಯಲಿ ಎಂದು, ‘ಆ್ಯಟ್ ಮಿ’ ಎಂದರೆ ಪೆಟ್ಟಾಗಲಿ ಎಂದು.

ಇನ್ನು ಕೆಲವು ಹೀಗಿವೆ. ‘ಅಟೆಂಡೆಡ್ ದ ಮೀಟಿಂಗ್’ ಹಾಜರಾತಿ, ‘ಅಟೆಂಡೆಡ್ ಟು ದ ಪೇಶೆಂಟ್’ ಶುಶ್ರೂಷೆ. ‘ಪೇಡ್ ದ ಡ್ರೈವರ್’ ಎಂದರೆ ಹಣ ಅವನ ಕೈಗೆ ಹೋಯಿತು, ‘ಪೇಡ್ ಫಾರ್ ದ ಡ್ರೈವರ್’ ಎಂದರೆ ಅವನ ಊಟದ ಬಿಲ್ಲನ್ನೋ ಟಿಕೆಟನ್ನೋ ನೀವು ಕೊಟ್ಟಿರಿ. ‘ಬಿಲೀವ್ಡ್ ಹಿಮ್’ ಅವನ ಮಾತಿನ ಮೇಲಿನ ನಂಬಿಕೆ, ‘ಬಿಲೀವ್ಡ್ ಇನ್ ಹಿಮ್’ ಅವನ ಸಾಮರ್ಥ್ಯದ ಮೇಲಿನ ನಂಬಿಕೆ.

‘ಆಸ್ಕ್ಡ್ ಮನಿ ಫ್ರಮ್ ಮಿ’ಯಲ್ಲಿ ತಪ್ಪಿರುವುದು ಜಾಗದ ಹಂಚಿಕೆಯಲ್ಲಿ. ‘ಆಸ್ಕ್ಡ್’ ಪಕ್ಕ ವ್ಯಕ್ತಿ ಕೂರಬೇಕು, ವಸ್ತುವಿಗೆ ‘ಫಾರ್’ ಬರಬೇಕು: ‘ಆಸ್ಕ್ಡ್ ಮಿ ಫಾರ್ ಮನಿ’. ಪಕ್ಕದಲ್ಲಿ ಯಾರು ಕೂರುತ್ತಾರೆ ಎನ್ನುವುದು ಒಂದೊಂದು ಕ್ರಿಯಾಪದಕ್ಕೆ ಒಂದೊಂದು. ‘ರಾಬ್ಡ್’ ಪಕ್ಕ ಕಳೆದುಕೊಂಡವರು, ‘ಸ್ಟೋಲ್’ ಪಕ್ಕ ಕಳವಾದ ವಸ್ತು: ‘ರಾಬ್ಡ್ ಹರ್ ಆವ್ ಹರ್ ಫೋನ್’, ‘ಸ್ಟೋಲ್ ಹರ್ ಫೋನ್ ಫ್ರಮ್ ಹರ್’. ‘ಎಕ್ಸ್‌ಪ್ಲೇನ್ಡ್ ಮಿ ದ ರೂಲ್’ ಸಲ್ಲದು, ‘ಎಕ್ಸ್‌ಪ್ಲೇನ್ಡ್ ದ ರೂಲ್ ಟು ಮಿ’ ಆಗಬೇಕು. ‘ಟೋಲ್ಡ್’ ಪಕ್ಕ ಮಾತ್ರ ವ್ಯಕ್ತಿ ನೇರವಾಗಿ ಬರುತ್ತಾನೆ, ಅದರ ಸಾದೃಶ್ಯವೇ ‘ಎಕ್ಸ್‌ಪ್ಲೇನ್ಡ್ ಮಿ’ ತಪ್ಪಿಗೆ ಕಾರಣ.

ಅಪರಾಧ ವರದಿ ಬರೆಯುವವರಿದ್ದರೆ ಈ ಸರಣಿಯನ್ನು ಹಾಗೇ ಕೊಡಿ: ‘ಅಕ್ಯೂಸ್ಡ್ ಆವ್ ಥೆಫ್ಟ್, ಅರೆಸ್ಟೆಡ್ ಫಾರ್ ಥೆಫ್ಟ್, ಚಾರ್ಜ್ಡ್ ವಿತ್ ಥೆಫ್ಟ್, ಟ್ರೈಡ್ ಫಾರ್ ಥೆಫ್ಟ್, ಕನ್ವಿಕ್ಟೆಡ್ ಆವ್ ಥೆಫ್ಟ್, ಸೆಂಟೆನ್ಸ್ಡ್ ಟು ಟೂ ಇಯರ್ಸ್’. ಒಂದೇ ಕಳ್ಳತನ, ನಾಲ್ಕು ಬೇರೆ ಪ್ರಿಪೊಸಿಷನ್. ಇದಕ್ಕೆ ತರ್ಕ ಹುಡುಕಬೇಡಿ, ಮಂತ್ರದ ಹಾಗೆ ಹೇಳಿಸಿ.

ಕರಡುಪ್ರತಿ

ಅಪರಾಧದ ಸರಣಿ ತುಂಬ ಉಪಯೋಗಕ್ಕೆ ಬರುತ್ತದೆ, ಧನ್ಯವಾದ. ‘ಲುಕ್ಡ್ ಬೈ ದ ಕಮಿಟಿ’ ಬಗ್ಗೆ ಯಾರೂ ಹೇಳಲಿಲ್ಲ. ‘ಮ್ಯಾರೀಡ್ ವಿತ್’, ‘ಬೋರ್ಡ್ ಆವ್’, ‘ಗಾಟ್ ಡೌನ್ ಫ್ರಮ್ ದ ಬಸ್’ ಕೂಡ ಬಾಕಿ ಇವೆ.

ಉತ್ತರ: ಕರ್ಮಣಿ

‘ಲುಕ್ಡ್ ಬೈ’ ತಪ್ಪು ಹುಟ್ಟುವ ಜಾಗ ಸ್ಪಷ್ಟ. ಕರ್ತರಿಯಲ್ಲಿ ‘ದ ಕಮಿಟಿ ಲುಕ್ಡ್ ಇಂಟು ದ ಕಂಪ್ಲೇಂಟ್’. ಕರ್ಮಣಿಗೆ ತಿರುಗಿಸಿದಾಗ ‘ಕಂಪ್ಲೇಂಟ್’ ಎದ್ದು ಮುಂದೆ ಹೋಗುತ್ತದೆ, ‘ಇಂಟು’ ಇದ್ದಲ್ಲೇ ಉಳಿಯುತ್ತದೆ, ಅದರ ಬೆನ್ನಿಗೆ ‘ಬೈ’ ಬರುತ್ತದೆ: ‘ವಾಸ್ ಲುಕ್ಡ್ ಇಂಟು ಬೈ ದ ಕಮಿಟಿ’. ಎರಡು ಪ್ರಿಪೊಸಿಷನ್ ಒತ್ತಟ್ಟಿಗೆ ಬಂದದ್ದನ್ನು ಕಂಡು ಬರೆಯುವವರು ಒಂದು ಹೆಚ್ಚಾಯಿತೆಂದು ತೆಗೆದುಬಿಡುತ್ತಾರೆ. ತೆಗೆಯಬಾರದು. ‘ವಾಸ್ ಲಾಫ್ಡ್ ಆ್ಯಟ್ ಬೈ’, ‘ವಾಸ್ ಪೇಡ್ ಫಾರ್ ಬೈ’, ‘ವಾಸ್ ಲುಕ್ಡ್ ಆಫ್ಟರ್ ಬೈ’ ಎಲ್ಲವೂ ಸರಿಯಾದ ಇಂಗ್ಲಿಷ್. ಪರೀಕ್ಷೆ ಸುಲಭ: ಕರ್ತರಿಗೆ ತಿರುಗಿಸಿ ಓದಿ, ಅಲ್ಲಿ ಬೇಕಾದ ಪ್ರಿಪೊಸಿಷನ್ ಕರ್ಮಣಿಯಲ್ಲೂ ಬೇಕು. ‘ದ ಚೇರ್ ಐ ಸ್ಯಾಟ್ ಆನ್’ ಎನ್ನುವಾಗ ಕೊನೆಗೆ ‘ಆನ್’ ಉಳಿಯುವುದೂ ಇದೇ ಲೆಕ್ಕದಿಂದ. ಕನ್ನಡದಲ್ಲಿ ‘ನಾನು ಕೂತ ಕುರ್ಚಿ’ ಎಂದಾಗ ‘ಮೇಲೆ’ ಮಾಯವಾಗುತ್ತದಲ್ಲ, ಅದಕ್ಕೇ ನಮ್ಮವರು ‘ದ ಚೇರ್ ಐ ಸ್ಯಾಟ್’ ಎಂದು ನಿಲ್ಲಿಸುವುದು.

‘ಮ್ಯಾರೀಡ್’ ಎರಡು ಬಗೆ. ಕ್ರಿಯೆಯಾದರೆ ಪ್ರಿಪೊಸಿಷನ್ ಇಲ್ಲ: ‘ಶಿ ಮ್ಯಾರೀಡ್ ಹಿಮ್ ಇನ್ 2015’. ಸ್ಥಿತಿಯಾದರೆ ಅಥವಾ ‘ಗಾಟ್’ ಸೇರಿದರೆ ‘ಟು’: ‘ವಾಸ್ ಮ್ಯಾರೀಡ್ ಟು’, ‘ಗಾಟ್ ಮ್ಯಾರೀಡ್ ಟು’. ಅವನ ಜೊತೆ ಮದುವೆಯಾಯಿತು ಎನ್ನುವ ‘ಜೊತೆ’ಯೇ ‘ವಿತ್’ ಆಗಿ ನುಸುಳುವುದು.

ಈ ಕ್ರಿಯೆ–ಸ್ಥಿತಿ ಭೇದ ಇನ್ನೂ ದೂರ ಹೋಗುತ್ತದೆ. ಭೂತಕೃದಂತ (ಗೋ–ವೆಂಟ್–ಗಾನ್‌ನಲ್ಲಿ ‘ಗಾನ್’ ಥರದ ಮೂರನೆಯ ರೂಪ) ವಿಶೇಷಣದಂತೆ ಕೆಲಸ ಮಾಡತೊಡಗಿದರೆ ‘ಬೈ’ ಬಿಟ್ಟು ತನ್ನದೇ ಪ್ರಿಪೊಸಿಷನ್ ಹಿಡಿಯುತ್ತದೆ. ಪಟಾಕಿ ಸದ್ದಿಗೆ ಆ ಕ್ಷಣ ಬೆಚ್ಚಿದರೆ ‘ಫ್ರೈಟನ್ಡ್ ಬೈ ದ ನಾಯ್ಸ್’. ನಾಯಿ ಎಂದರೆ ಸದಾ ಭಯ ಎಂದಾದರೆ ‘ಫ್ರೈಟನ್ಡ್ ಆವ್ ಡಾಗ್ಸ್’. ‘ಇಂಟರೆಸ್ಟೆಡ್ ಇನ್’, ‘ಬೋರ್ಡ್ ವಿತ್’, ‘ಎಕ್ಸೈಟೆಡ್ ಅಬೌಟ್’, ‘ಎಂಗೇಜ್ಡ್ ಟು’ ಹೀಗೇ ನಿಂತವು. ‘ಬೋರ್ಡ್ ಆವ್’ ಈಚೆಗೆ ಇಂಗ್ಲೆಂಡಿನಲ್ಲೂ ಆಡುಮಾತಿನಲ್ಲಿ ಕೇಳಿಸುತ್ತದೆ, ‘ಟೈರ್ಡ್ ಆವ್’ ಪ್ರಭಾವ ಇರಬೇಕು. ಆದರೆ ಕಚೇರಿ ಬರಹದಲ್ಲಿ ‘ವಿತ್’ ಇಡಿ. ‘ಟೈರ್ಡ್ ಆವ್’ ಬೇಸತ್ತದ್ದು, ‘ಟೈರ್ಡ್ ಫ್ರಮ್’ ದಣಿದದ್ದು, ಇವೆರಡನ್ನು ಬೆರೆಸಬೇಡಿ.

‘ಯೂಸ್ಡ್ ಟು’ಗೆ ಎಚ್ಚರ. ‘ಐ ಯೂಸ್ಡ್ ಟು ವರ್ಕ್ ಅಟ್ ನೈಟ್’ ಎಂದರೆ ಹಿಂದೆ ಮಾಡುತ್ತಿದ್ದೆ, ಈಗಿಲ್ಲ. ‘ಐ ವಾಸ್ ಯೂಸ್ಡ್ ಟು ವರ್ಕಿಂಗ್ ಅಟ್ ನೈಟ್’ ಎಂದರೆ ಅಭ್ಯಾಸವಾಗಿತ್ತು. ಎರಡನೆಯದರಲ್ಲಿ ‘ಟು’ ನಿಜವಾದ ಪ್ರಿಪೊಸಿಷನ್, ಅದಕ್ಕೇ ಮುಂದೆ ‘ಇಂಗ್’ ರೂಪ. ‘ಲುಕ್ಡ್ ಫಾರ್ವರ್ಡ್ ಟು ಮೀಟಿಂಗ್ ಯು’ ಕೂಡ ಅದೇ ಗುಂಪು.

‘ಗಾಟ್ ಡೌನ್ ಫ್ರಮ್ ದ ಬಸ್’: ಬಸ್, ರೈಲು, ವಿಮಾನ, ಬೈಕು ಆದರೆ ‘ಗಾಟ್ ಆಫ್’. ಕಾರು, ಟ್ಯಾಕ್ಸಿ, ಆಟೊ ಆದರೆ ‘ಗಾಟ್ ಔಟ್ ಆವ್’. ‘ಗಾಟ್ ಡೌನ್’ ನಮ್ಮ ‘ಇಳಿದೆ’ಯ ನೇರ ನಕಲು. ಭಾರತದೊಳಗೆ ಯಾರಿಗೂ ತೊಡಕಿಲ್ಲ, ಹೊರಗಿನವರಿಗೆ ಏಣಿಯಿಂದಲೋ ಮರದಿಂದಲೋ ಇಳಿದಂತೆ ಕೇಳಿಸುತ್ತದೆ.

ಉತ್ತರ: ಗುರಿಮುಟ್ಟು

ಭಾರತೀಯ ಬಳಕೆಯ ಮಾತು ಬಂದದ್ದಕ್ಕೆ ಒಂದು ಗಂಭೀರವಾದ್ದು: ‘ಪಾಸ್ಡ್ ಔಟ್ ಇನ್ 2019’. ನಮ್ಮಲ್ಲಿ ಪದವಿ ಮುಗಿಸಿದ್ದು, ಹೊರದೇಶದವರಿಗೆ ಪ್ರಜ್ಞೆ ತಪ್ಪಿ ಬಿದ್ದದ್ದು. ಬ್ರಿಟನ್ನಿನಲ್ಲಿ ಸೇನೆ, ಪೊಲೀಸ್ ತರಬೇತಿ ಮುಗಿಸುವುದಕ್ಕೆ ಈ ಪದ ಇದೆ, ಕಾಲೇಜಿಗೆ ಅಲ್ಲ. ರೆಸ್ಯೂಮೆಯಲ್ಲಿ ‘ಗ್ರ್ಯಾಜುಯೇಟೆಡ್ ಫ್ರಮ್’ ಬರೆಸಿ.

ಹಾಗೆಯೇ ಪಿ-ಎ-ಎಸ್-ಎಸ್-ಇ-ಡಿ ಮತ್ತು ಪಿ-ಎ-ಎಸ್-ಟಿ. ಎರಡರ ಉಚ್ಚಾರಣೆಯೂ ‘ಪಾಸ್ಟ್’. ಮೊದಲನೆಯದು ಭೂತಕಾಲದ ಕ್ರಿಯಾಪದ, ಎರಡನೆಯದು ಪ್ರಿಪೊಸಿಷನ್. ವಾಕ್ಯದಲ್ಲಿ ಬೇರೆ ಕ್ರಿಯಾಪದ (ವಾಕ್ಡ್, ಡ್ರೋವ್, ರ‍್ಯಾನ್) ಆಗಲೇ ಇದ್ದರೆ ಟಿ ಇರುವುದೇ ಬರಬೇಕು. ಇಂಗ್ಲಿಷರೇ ಇದನ್ನು ತಪ್ಪು ಬರೆಯುತ್ತಾರೆ.

ಉತ್ತರ: ಕಿವಿಗೊಡಿ

‘ಡ್’ ಕೇಳಿಸದ ಬಗ್ಗೆ. ಬರವಣಿಗೆಯ ‘ಇ-ಡಿ’ಗೆ ಮೂರು ಉಚ್ಚಾರಣೆ. ಕ್, ಪ್, ಫ್, ಸ್, ಶ್, ಚ್ ಥರದ ಅಘೋಷ (ಗಂಟಲು ಕಂಪಿಸದ) ಧ್ವನಿಯ ನಂತರ ಅದು ‘ಟ್’. ಸ್ವರ ಅಥವಾ ಘೋಷ ಧ್ವನಿಯ ನಂತರ ‘ಡ್’. ಟ್, ಡ್ ನಂತರ ಮಾತ್ರ ‘ಇಡ್’. ಅಂದರೆ ‘ಲುಕ್ಡ್’ ನಿಜಕ್ಕೂ ‘ಲುಕ್ಟ್’. ನಾವು ‘ಲುಕ್ಕೆಡ್’ ಎಂದು ಹೇಳಿಕೊಂಡು ಕಾಯುತ್ತಿರುತ್ತೇವೆ, ಬರದ ಧ್ವನಿಗೆ ಕಿವಿ ನೆಟ್ಟರೆ ಕೇಳಿಸುವುದಾದರೂ ಹೇಗೆ?

ಮುಂದಿನ ಪ್ರಿಪೊಸಿಷನ್ ಸ್ವರದಿಂದ ಶುರುವಾದರೆ ಆ ‘ಟ್’ ಅಥವಾ ‘ಡ್’ ಜಿಗಿದು ಅದಕ್ಕೆ ಅಂಟುತ್ತದೆ. ‘ಲುಕ್ಡ್ ಆ್ಯಟ್’ – ‘ಲುಕ್‌ಟಟ್’. ‘ವರ್ಕ್ಡ್ ಆನ್’ – ‘ವರ್ಕ್‌ಟಾನ್’. ‘ಅರೈವ್ಡ್ ಇನ್’ – ‘ಅರೈವ್‌ಡಿನ್’. ನಮ್ಮ ಸಂಧಿಯ ಹಾಗೆಯೇ, ಕನ್ನಡ ಕಿವಿಗೆ ಇದು ಕಷ್ಟವಾಗಬಾರದು. ಪ್ರಿಪೊಸಿಷನ್ ‘ಟು’ ಆದರೆ ಎರಡು ‘ಟ್’ ಒಂದಾಗುತ್ತವೆ: ‘ಟಾಕ್ಡ್ ಟು’ ಎನ್ನುವುದು ‘ಟಾಕ್‌ಟ್ಟು’. ವೇಗದ ಮಾತಿನಲ್ಲಿ ‘ಟಾಕ್ ಟು’ಗೂ ಅದಕ್ಕೂ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಕಾಲವನ್ನು ಹೇಳುವುದು ‘ಯೆಸ್ಟರ್ಡೇ’ ಥರದ ಪದ ಅಥವಾ ಸಂದರ್ಭ, ಸ್ಥಳೀಯರೂ ಅದನ್ನೇ ನಂಬುತ್ತಾರೆ.

ಪ್ರಿಪೊಸಿಷನ್ ಕೂಡ ಮಧ್ಯದಲ್ಲಿದ್ದಾಗ ಸವೆಯುತ್ತದೆ: ಫಾರ್ ‘ಫರ್’ ಆಗುತ್ತದೆ, ಆ್ಯಟ್ ‘ಅಟ್’, ಆವ್ ‘ಅವ್’. ವಾಕ್ಯದ ಕೊನೆಗೆ ನಿಂತರೆ ಪೂರ್ತಿ ರೂಪ ವಾಪಸ್ಸಾಗುತ್ತದೆ. ‘ವಾಟ್ ಡಿಡ್ ಹಿ ಆಸ್ಕ್ ಫಾರ್?’ ಎನ್ನುವಾಗ ‘ಫಾರ್’ ಸ್ಪಷ್ಟ.

ಒತ್ತು ಇನ್ನೊಂದು ಗುಟ್ಟು ಬಿಟ್ಟುಕೊಡುತ್ತದೆ. ‘ಲುಕ್ಡ್ ಆ್ಯಟ್ ಇಟ್’ನಲ್ಲಿ ಒತ್ತು ‘ಲುಕ್ಡ್’ ಮೇಲೆ, ‘ಲುಕ್ಡ್ ಇಟ್ ಅಪ್’ನಲ್ಲಿ ‘ಅಪ್’ ಮೇಲೆ. ಎರಡನೆಯ ‘ಅಪ್’ ಪ್ರಿಪೊಸಿಷನ್ ಅಲ್ಲ, ಕ್ರಿಯಾಪದದ ಅವಿಭಾಜ್ಯ ಅಂಗ. ಅದು ‘ಇಟ್’, ‘ದೆಮ್’ ಥರದ ಸರ್ವನಾಮವನ್ನು ನಡುವೆ ಬಿಟ್ಟುಕೊಳ್ಳಲೇಬೇಕು: ‘ಪುಟ್ ಇಟ್ ಆಫ್’ ಸರಿ, ‘ಪುಟ್ ಆಫ್ ಇಟ್’ ತಪ್ಪು. ‘ಲುಕ್ಡ್ ಇಟ್ ಆ್ಯಟ್’ ಎನ್ನಲಾಗದು. ಹೀಗಾಗಿ ‘ರ‍್ಯಾನ್ ಅಪ್ ದ ಹಿಲ್’ ಮತ್ತು ‘ರ‍್ಯಾನ್ ಅಪ್ ಎ ಬಿಲ್’ ಕಣ್ಣಿಗೆ ಒಂದೇ ಕಂಡರೂ ಸರ್ವನಾಮ ಹಾಕಿದಾಗ ಬೇರೆಯಾಗುತ್ತವೆ: ಗುಡ್ಡವಾದರೆ ‘ರ‍್ಯಾನ್ ಅಪ್ ಇಟ್’, ಸಾಲವಾದರೆ ‘ರ‍್ಯಾನ್ ಇಟ್ ಅಪ್’.

ಉತ್ತರ: ತೃತೀಯಾ

‘ಸಿನ್ಸ್ ತ್ರೀ ಇಯರ್ಸ್’ ಬಾಕಿ ಉಳಿಯಿತು. ‘ಸಿನ್ಸ್’ಗೆ ಶುರುವಾದ ಬಿಂದು ಬೇಕು (2019, ಸೋಮವಾರ), ‘ಫಾರ್’ಗೆ ಅವಧಿ ಬೇಕು (ಮೂರು ವರ್ಷ). ಅದಕ್ಕಿಂತ ದೊಡ್ಡ ಅಪಾಯ ಕಾಲದ್ದು. ‘ಐ ವರ್ಕ್ಡ್ ದೇರ್ ಫಾರ್ ತ್ರೀ ಇಯರ್ಸ್’ ಎಂದರೆ ಈಗ ಅಲ್ಲಿಲ್ಲ. ಇನ್ನೂ ಅಲ್ಲೇ ಇದ್ದರೆ ‘ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ತ್ರೀ ಇಯರ್ಸ್’ ಅಥವಾ ‘ಸಿನ್ಸ್ 2019’. ಕೆಲಸದ ಅರ್ಜಿಯಲ್ಲಿ ಇದು ತಪ್ಪಿದರೆ ಓದುವವರು ನೀವು ಆಗಲೇ ಕೆಲಸ ಬಿಟ್ಟಿದ್ದೀರಿ ಎಂದುಕೊಳ್ಳುತ್ತಾರೆ. ‘ಲಾಸ್ಟ್’ ಇದ್ದ ಕಡೆ ಪ್ರಿಪೊಸಿಷನ್ ಬೇಡ: ‘ಕೇಮ್ ಲಾಸ್ಟ್ ಮಂಡೇ’, ‘ಆನ್ ಲಾಸ್ಟ್ ಮಂಡೇ’ ಅಲ್ಲ.

ಅನುಮಾನ ಬಂದಾಗ ನೋಡಲು ಎರಡು ಸಾಧನ. ಮೊದಲನೆಯದು ಕಲಿಯುವವರ ನಿಘಂಟು: ಆಕ್ಸ್‌ಫರ್ಡ್ ಲರ್ನರ್ಸ್ ಅಥವಾ ಕೇಂಬ್ರಿಜ್, ಎರಡೂ ಉಚಿತವಾಗಿ ಆನ್‌ಲೈನಿನಲ್ಲಿವೆ. ಅರ್ಥ ಓದಿ ಮುಚ್ಚಬೇಡಿ, ಸಕರ್ಮಕ–ಅಕರ್ಮಕ ಗುರುತನ್ನೂ ಉದಾಹರಣೆ ವಾಕ್ಯದ ದಪ್ಪಕ್ಷರವನ್ನೂ ನೋಡಿ. ಎರಡನೆಯದು ಗೂಗಲ್ ಬುಕ್ಸ್ ಎನ್‌ಗ್ರಾಮ್ ವ್ಯೂವರ್, ಅಂದರೆ ಪುಸ್ತಕಗಳಲ್ಲಿ ಒಂದು ಪದಗುಚ್ಛ ಯಾವ ವರ್ಷ ಎಷ್ಟು ಬಳಕೆಯಲ್ಲಿತ್ತು ಎಂದು ಗೆರೆ ಎಳೆದು ತೋರಿಸುವ ತಾಣ. ಕ್ರಿಯಾಪದದ ಭೂತಕಾಲ ಬರೆದು ಜಾಗ ಬಿಟ್ಟು ನಕ್ಷತ್ರ ಚಿಹ್ನೆ ಹಾಕಿದರೆ ಅದರ ಮುಂದೆ ಅತಿ ಹೆಚ್ಚು ಬರುವ ಹತ್ತು ಪದಗಳ ಗೆರೆ ಬರುತ್ತದೆ. ನಕ್ಷತ್ರಕ್ಕೆ ಅಂಡರ್‌ಸ್ಕೋರ್ ಮತ್ತು ದೊಡ್ಡಕ್ಷರದ ಎ-ಡಿ-ಪಿ ಅಂಟಿಸಿದರೆ ಪ್ರಿಪೊಸಿಷನ್‌ಗಳು ಮಾತ್ರ. ಬ್ರಿಟಿಷ್, ಅಮೆರಿಕನ್ ಪುಸ್ತಕಗಳನ್ನು ಬೇರೆ ಬೇರೆ ಆರಿಸಬಹುದು. ಆರಿಸಿಯೇ ನೋಡಿ, ಏಕೆಂದರೆ ‘ರೋಟ್ ಮಿ’, ‘ಪ್ರೊಟೆಸ್ಟೆಡ್ ದ ಡಿಸಿಷನ್’, ‘ಮೆಟ್ ವಿತ್ ದ ಮಿನಿಸ್ಟರ್’ ಅಮೆರಿಕದ ಕಡೆಯವು. ಬ್ರಿಟಿಷರು ‘ರೋಟ್ ಟು ಮಿ’, ‘ಪ್ರೊಟೆಸ್ಟೆಡ್ ಅಗೇನ್ಸ್ಟ್’, ಬರೀ ‘ಮೆಟ್’ ಎನ್ನುತ್ತಾರೆ. ಅರ್ಜಿ ನಮೂನೆಯನ್ನು ಬ್ರಿಟಿಷರು ‘ಫಿಲ್ಡ್ ಇನ್’, ಅಮೆರಿಕನ್ನರು ‘ಫಿಲ್ಡ್ ಔಟ್’.

ಉತ್ತರ: ಕರ್ಮಣಿ

ಎನ್‌ಗ್ರಾಮ್ ಬಳಸುವವರಿಗೆ ಒಂದು ಎಚ್ಚರಿಕೆ. ಅದು ಪಕ್ಕಪಕ್ಕದ ಪದಗಳನ್ನು ಎಣಿಸುತ್ತದೆ, ಸಂಬಂಧವನ್ನಲ್ಲ. ‘ಮ್ಯಾರೀಡ್ ವಿತ್’ ಹುಡುಕಿದರೆ ಸಾಕಷ್ಟು ಸಿಗುತ್ತದೆ, ‘ಮ್ಯಾರೀಡ್ ವಿತ್ ಟೂ ಚಿಲ್ಡ್ರನ್’ ಥರದ್ದೂ ಅದರಲ್ಲಿ ಸೇರಿರುತ್ತದೆ. ಅದರರ್ಥ ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ. ಗೆರೆ ಎತ್ತರ ಇದೆ ಎಂದು ಒಪ್ಪುವ ಮೊದಲು ಕೆಳಗಿನ ವರ್ಷಗಳ ಕೊಂಡಿ ಒತ್ತಿ, ಪುಸ್ತಕದ ಹತ್ತು ವಾಕ್ಯ ಓದಿ, ‘ವಿತ್’ ಮುಂದೆ ಗಂಡನೋ ಹೆಂಡತಿಯೋ ಇದ್ದಾರೆಯೇ, ಮಕ್ಕಳಿದ್ದಾರೆಯೇ ನೋಡಿಕೊಳ್ಳಿ.